ಎಚ್‌ಆರ್ ಕರೆದು ‘ನೀವೇ ರಾಜೀನಾಮೆ ಕೊಡಿ’ ಅಂದಿದ್ದಾರೆ. ಕೊಟ್ಟವರು, ಕೊಡದವರು ಅನುಭವ ಹೇಳಿ

ಬೆಳ್ಳಂದೂರು ಬಾಡಿಗೆದಾರ:
ಮಂಗಳವಾರ ಹತ್ತು ನಿಮಿಷದ ಮೀಟಿಂಗ್. ಮ್ಯಾನೇಜರ್ ಕ್ಯಾಮೆರಾ ಆಫ್ ಮಾಡ್ಕೊಂಡು ಕೂತಿದ್ರು, ಎಚ್‌ಆರ್ ಹುಡುಗಿ ಬರೆದಿಟ್ಟಿದ್ದನ್ನ ಓದಿದ್ಳು. ಶುಕ್ರವಾರದೊಳಗೆ ನಾನೇ ರಾಜೀನಾಮೆ ಹಾಕಿದ್ರೆ ಮೂರು ತಿಂಗಳ ಸಂಬಳ, ರಿಲೀವಿಂಗ್ ಲೆಟರ್. ಹಾಕದಿದ್ರೆ ಟರ್ಮಿನೇಷನ್, ಒಂದು ತಿಂಗಳ ನೋಟಿಸ್ ಪೇ ಅಷ್ಟೇ. ವಯಸ್ಸು 39, ಟೆಸ್ಟಿಂಗ್ ಲೀಡ್, ಸರ್ವಿಸ್ 9 ವರ್ಷ 7 ತಿಂಗಳು. ವರ್ತೂರಲ್ಲಿ ಫ್ಲ್ಯಾಟ್ ಇನ್ನೂ ಕಟ್ತಾ ಇದ್ದಾರೆ, ಇಎಂಐ ಮಾತ್ರ ಶುರುವಾಗಿದೆ, 54,000. ಮನೇಲಿ ಹೇಳಿಲ್ಲ. ಅನುಭವ ಇರೋರು ಮಾತ್ರ ಹೇಳಿ, ಪ್ಲೀಸ್.

ಸಹಿ ಹಾಕಿದವಳು:
ನಾನು 2023ರ ಫೆಬ್ರವರಿಯಲ್ಲಿ ಸಹಿ ಹಾಕಿದೆ. ಆವತ್ತು ಎಲ್ಲರೂ ಹಾಕಿದ್ರು, ನಾನೂ ಹಾಕಿದೆ. ಕಂಪನಿ ಕೊಟ್ಟಿದ್ದ ಗ್ರೂಪ್ ಹೆಲ್ತ್ ಇನ್ಶೂರೆನ್ಸ್ ಕೆಲಸದ ಕೊನೇ ದಿನ ರಾತ್ರಿಗೇ ಮುಗಿಯುತ್ತೆ ಅನ್ನೋದು ಯಾರಿಗೂ ತಲೆಗೆ ಬರಲಿಲ್ಲ. ಹನ್ನೊಂದನೇ ದಿನ ಅಪ್ಪನಿಗೆ ಎದೆನೋವು. ಎರಡು ಸ್ಟೆಂಟ್, ಬಿಲ್ 3,42,000. ಕೈಗೆ ಬಂದಿದ್ದ ಮೂರು ತಿಂಗಳ ಸಂಬಳ ಡಿಸ್‌ಚಾರ್ಜ್ ಕೌಂಟರಿನಲ್ಲೇ ಮುಗೀತು. ಹೊಸ ಪಾಲಿಸಿಗೆ ಓಡಿದ್ರೆ ಹೃದಯದ ಕಾಯಿಲೆಗೆ ಕಾಯೋ ಅವಧಿ ಅಂದ್ರು. ಕೆಲಸದಲ್ಲಿರುವಾಗಲೇ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸ್ಕೊಳ್ಳೋ ದಾರಿ ಇತ್ತಂತೆ. ನನಗೆ ಅದನ್ನ ಹೇಳಿದ್ದು ಆಸ್ಪತ್ರೆ ಬಿಲ್ಲಿಂಗಿನ ಹುಡುಗ.

ಇನ್ನು ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸರ್ವಿಸ್ ವರ್ಷ ಲೆಕ್ಕ ಹಾಕಿ ಕಂಪನಿ ಕೊಡೋ ದುಡ್ಡು. ಬೇಸಿಕ್ 52,000, ಸರ್ವಿಸ್ 7 ವರ್ಷ 8 ತಿಂಗಳು. ಅವರು 7 ವರ್ಷ ಹಿಡಿದು 2,10,000 ಹಾಕಿದ್ರು. ಆರು ತಿಂಗಳು ದಾಟಿದ್ರೆ ಪೂರ್ತಿ ವರ್ಷ ಅಂತ ಆಗಿದ್ದ 1972ರ ಕಾಯ್ದೆಯಲ್ಲೇ ಇತ್ತು, 2,40,000 ಬರಬೇಕಿತ್ತು. ಆ 30,000ಕ್ಕೆ ಇಪ್ಪತ್ತೆರಡು ಮೇಲ್ ಹಾಕಿದೀನಿ. ಅದರ ಮೇಲೆ ಲ್ಯಾಪ್‌ಟಾಪ್ ಚಾರ್ಜರ್ ಬಂದಿಲ್ಲ ಅಂತ 4,200 ಹಿಡಿದ್ರು. ಚಾರ್ಜರ್ ಆ ಡಬ್ಬದೊಳಗೇ ಇತ್ತು. ನನ್ನ ಹತ್ರ ಫೋಟೋ ಇದೆ, ಈಗಲೂ ಇದೆ.

ಡೈರಿ ಸರ್ಕಲ್ 14 ಸಲ:
ಸಹಿ ಹಾಕ್ಬೇಡಿ ಸರ್. ನಾನು ಹಾಕಲಿಲ್ಲ. ರಾಜೀನಾಮೇನೇ ಕೇಳೋ ಅಭ್ಯಾಸ ಯಾಕೆ ಬಂತು ಗೊತ್ತಾ? ಕೆಲಸದ ಷರತ್ತು, ವಜಾ ನಿಯಮ ಬರೆದಿಡಬೇಕು ಅನ್ನೋ ಹಳೇ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಐಟಿಯವರಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತ್ತು, 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಿದ್ರು. ಆ ವಿನಾಯಿತಿಗೆ ಷರತ್ತಿತ್ತು, ತೆಗೆದುಹಾಕಿದವರ ಮಾಹಿತಿ ಕಾರ್ಮಿಕ ಇಲಾಖೆಗೆ ಕೊಡಬೇಕಿತ್ತು. ನೀವೇ ಬಿಟ್ಟು ಹೋದ್ರೆ ಆ ಪಟ್ಟಿಗೇ ಬರ್ತಿರಲಿಲ್ಲ. ನೂರು ಜನರನ್ನ ಕಳಿಸಿ ಒಬ್ಬರನ್ನೂ ಕಳಿಸಿಲ್ಲ ಅಂತ ಬರೆದು ಕೊಡಬಹುದಿತ್ತು.

ನನ್ನನ್ನ ಟರ್ಮಿನೇಟ್ ಮಾಡಿದ್ರು. ಬನ್ನೇರುಘಟ್ಟ ರಸ್ತೆಯ ಡೈರಿ ಸರ್ಕಲ್ ಹತ್ರ ಇರೋ ಕಾರ್ಮಿಕ ಇಲಾಖೆ ಕಚೇರಿ, ಕಾರ್ಮಿಕ ಭವನಕ್ಕೆ 14 ಸಲ ಹೋದೆ. ಮೊದಲ ನಾಲ್ಕು ದಿನಾಂಕಕ್ಕೆ ಕಂಪನಿ ಕಡೆಯಿಂದ ಒಂದು ನರಪಿಳ್ಳೆ ಬರಲಿಲ್ಲ. ಐದನೇ ಸಲ ಕೋಟು ಹಾಕ್ಕೊಂಡು ಬಂದ ಲಾಯರ್ರು ‘ಇವರು ಅಸೋಸಿಯೇಟ್ ಮ್ಯಾನೇಜರ್, ಕಾರ್ಮಿಕರಲ್ಲ, ಕೇಸೇ ನಿಲ್ಲಲ್ಲ’ ಅಂದ್ರು. ನನ್ನ ಕೈಕೆಳಗೆ ಒಬ್ಬ ಟ್ರೈನಿ ಕೂಡ ಇರಲಿಲ್ಲ ಸ್ವಾಮಿ! ರಜಾ ಮಂಜೂರು ಮಾಡೋ ಅಧಿಕಾರ ನನಗಿಲ್ಲ ಅಂತ ತೋರಿಸೋಕೆ ಹಳೇ ಸ್ಕ್ರೀನ್‌ಶಾಟು ಹುಡುಕಿದೆ. ಹಾಗಾಗಿ ಆಫೀಸ್ ಸಿಸ್ಟಮ್ಮಿನ ಆಕ್ಸೆಸ್ ಹೋಗೋ ಮುಂಚೆ ಅಪ್ರೈಸಲ್, ಸಂಬಳದ ಚೀಟಿ, ಆಫರ್ ಲೆಟರ್ ಎಲ್ಲಾ ಇಳಿಸ್ಕೊಳ್ಳಿ. ವಕೀಲರಿಗೆ ಮೊದಲಿಗೆ 45,000, ಆಮೇಲೆ ಪ್ರತಿ ದಿನಾಂಕಕ್ಕೆ 3,000. ಹದಿನೇಳು ತಿಂಗಳು ಎಳೀತು. ಕೊನೆಗೆ ಐದು ತಿಂಗಳ ಸಂಬಳಕ್ಕೆ ರಾಜಿ. ಆಗ ಇದ್ದಿದ್ದು ಹಳೇ ಕೈಗಾರಿಕಾ ವಿವಾದ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಬದಲು ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ, ಅದನ್ನ ಓದಿದ ವಕೀಲರನ್ನೇ ಹಿಡೀರಿ.

ಸಹಿ ಹಾಕಿದವಳು:
ಸರ್, ನಿಮ್ಮ ಸಂಬಳ ಎಷ್ಟಿತ್ತು?

ಡೈರಿ ಸರ್ಕಲ್ 14 ಸಲ:
1,10,000. ಯಾಕೆ?

ಸಹಿ ಹಾಕಿದವಳು:
ಮೂರು ತಿಂಗಳಿಗೆ ಒಪ್ಪಿದ್ರೆ 3.3 ಲಕ್ಷ ಮೊದಲ ವಾರದಲ್ಲೇ ಬರ್ತಿತ್ತು. ನಿಮಗೆ ಬಂದಿದ್ದು 5.5. ಜಾಸ್ತಿ ಸಿಕ್ಕಿದ 2.2 ಲಕ್ಷದಲ್ಲಿ ವಕೀಲರಿಗೆ 87,000. ಉಳಿದಿದ್ದನ್ನ ಹದಿನೇಳು ತಿಂಗಳಿಗೆ ಹಂಚಿ, ತಿಂಗಳಿಗೆ ಎಂಟು ಸಾವಿರಾನೂ ಆಗಲ್ಲ. ಅಷ್ಟಕ್ಕೆ ಬೇರೆಯವರನ್ನ ಡೈರಿ ಸರ್ಕಲ್‌ಗೆ ಅಲೆಸ್ತೀರಾ?

ಡೈರಿ ಸರ್ಕಲ್ 14 ಸಲ:
ಮೇಡಂ, ನೀವು 30,000ಕ್ಕೆ 22 ಮೇಲ್ ಹಾಕಿದ್ದು ಯಾವ ಲೆಕ್ಕ? ಮೇಲ್ ಹಾಕೋ ಬದಲು ಇಲಾಖೆಗೆ ಅರ್ಜಿ ಕೊಟ್ಟಿದ್ರೆ ಬಡ್ಡಿ ಸಮೇತ ಬರ್ತಿತ್ತು. ನನ್ನ ಫೈಲಲ್ಲಿ ‘ಸ್ವಇಚ್ಛೆಯಿಂದ’ ಅನ್ನೋ ಸುಳ್ಳಿಲ್ಲ. ಅದು ನನಗೆ ಸಾಕು.

ಸಹಿ ಹಾಕಿದವಳು:
ಅಪ್ಪನ್ನ ಐಸಿಯುನಲ್ಲಿ ಮಲಗಿಸಿ ಅರ್ಜಿ ಬರೀಬೇಕಿತ್ತಾ? ಮಾತಾಡೋದು ಸುಲಭ.

ಕಾಡುಬೀಸನಹಳ್ಳಿ ಪಿಜಿ:
ಎಲ್ರೂ ಸಂಬಳದ ಕಥೇನೇ ಹೇಳ್ತಾವ್ರೆ, ನಮ್ದೂ ವಸಿ ಕೇಳಿ. 84 ಬೆಡ್ಡಿನ ಬಿಲ್ಡಿಂಗ್ ಲೀಸಿಗೆ ತಗೊಂಡಿವ್ನಿ, ತಿಂಗಳಿಗೆ 4,80,000, ವರ್ಷಕ್ಕೆ ಐದು ಪರ್ಸೆಂಟ್ ಏರ್ಸಬೇಕು. ಎದುರಿಗಿದ್ದ ದೊಡ್ಡ ಕಂಪ್ನಿ ಎರಡು ಫ್ಲೋರು ಖಾಲಿ ಮಾಡ್ತು, ಇವತ್ತು ನನ್ ತಾವ 39 ಜನ. ದೋಸೆ ಹಿಟ್ಟು ದಿನಕ್ಕೆ 30 ಕೆಜಿ ಹೋಗ್ತಿತ್ತು, ಈಗ 12. ಅಡುಗೆಯವರು ನಾಲ್ಕು ಜನ ಇದ್ರು, ಇಬ್ರನ್ನ ನಾನೇ ಕಳ್ಸಿದೆ, ಒಬ್ಬನ್ನ ಕಳ್ಸೋವಾಗ ಅವ್ನು ಅತ್ತ. ನಮಗೆ ಮೂರು ತಿಂಗಳ ಸಂಬಳ ಕೊಡೋಕೆ ಯಾವ ಎಚ್ಚಾರು ಇಲ್ಲ.

ನೀರಿಂದು ಬೇರೆ ಕಥೆ. 2024ರ ಬೇಸಿಗೇಲಿ 6,000 ಲೀಟರ್ ಟ್ಯಾಂಕರಿಗೆ 600 ಅಂತ ಜಿಲ್ಲಾಡಳಿತ ರೇಟು ಕಟ್ತು. ಆ ರೇಟಿಗೆ ನಮ್ ರೋಡಿಗೆ ಒಂದು ಟ್ಯಾಂಕರೂ ತಿರುಗಿ ನೋಡ್ಲಿಲ್ಲ. ಆಗ ಜನ ಇದ್ರು, ನೀರಿರ್ಲಿಲ್ಲ. ಈಗ ನೀರೈತೆ, ಜನ ಇಲ್ಲ. ಅದರ ಮೇಲೆ ಕೆಲಸ ಹೋದ ತಕ್ಷಣ ನಿಮ್ಮೋರು ನೋಟಿಸ್ ಕೊಡ್ದೆ ರಾತ್ರೋರಾತ್ರಿ ಬ್ಯಾಗ್ ಎತ್ಕೊಂಡು ಓಡ್ತಾರೆ.

ಹಳೇ ಪಿಜಿವಾಸಿ:
ಅಣ್ಣಾ, ಓಡದೆ ಇನ್ನೇನು ಮಾಡ್ಬೇಕು? ಅದೇ ಏರಿಯಾದಲ್ಲಿ ನನ್ನ ಅಡ್ವಾನ್ಸ್ 15,000ದಲ್ಲಿ ಪೇಂಟಿಂಗ್ ಅಂತ 5,000 ಮುರಿದ್ರು. ನಾನಿದ್ದಿದ್ದು ನಾಲ್ಕು ತಿಂಗಳು, ಮಲಗಿದ್ದು ಮೂರು ಜನರ ರೂಮು. ಮೂರೂ ಜನರ ಹತ್ರ ಮುರಿದ್ರು. ಒಂದು ಗೋಡೆಗೆ 15,000 ಪೇಂಟಾ? ಗೋಡೆ ಇವತ್ತಿಗೂ ಹಾಗೇ ಇದೆಯಂತೆ, ನನ್ನ ಫ್ರೆಂಡ್ ಅಲ್ಲೇ ಇದ್ದಾನೆ.

ಕಾಡುಬೀಸನಹಳ್ಳಿ ಪಿಜಿ:
ನಮ್ ಪಿಜಿ ಅಲ್ಲ ಅದು. ಬೇರೆಯೋರು ಮಾಡಿದ್ದಕ್ಕೆ ನನ್ನ ಕೇಳ್ಬೇಡಿ.

ಇಸ್ತ್ರಿ ಅಂಗಡಿ ಮಗ:
ನಮ್ಮಪ್ಪ ಅಪಾರ್ಟ್‌ಮೆಂಟ್ ಗೇಟಿನ ಹತ್ರ ಇಸ್ತ್ರಿ ಗಾಡಿ ಇಟ್ಟಿದ್ದಾರೆ, ಬಟ್ಟೆಗೆ 8 ರೂಪಾಯಿ. ಯಾರ ಮನೇಲಿ ಕೆಲಸ ಹೋಗಿದೆ ಅಂತ ಎಲ್ಲರಿಗಿಂತ ಮುಂಚೆ ಅವರಿಗೆ ಗೊತ್ತಾಗುತ್ತೆ. ಶರಟು ಬರೋದು ನಿಲ್ಲುತ್ತೆ, ಮಕ್ಕಳ ಯೂನಿಫಾರ್ಮ್ ಮಾತ್ರ ಬರುತ್ತೆ. ನಾನು ಬಿಇ ಮುಗಿಸಿ ಆಫರ್ ಲೆಟರ್ ಹಿಡ್ಕೊಂಡು ಒಂಬತ್ತು ತಿಂಗಳಾಯ್ತು, ಸೇರೋ ದಿನಾಂಕ ಬಂದಿಲ್ಲ. ಸಾಯಂಕಾಲ ನಾನೇ ಬಟ್ಟೆ ತಲುಪಿಸ್ತೀನಿ.

ಅರವತ್ತು ದಿನ:
ಬೆಂಗಳೂರಲ್ಲಿ ಕೆಲಸ ಹೋದ್ರೆ ಮನೆಯಾದ್ರೂ ಉಳಿಯುತ್ತೆ. ನಾನು ಅಮೆರಿಕದಲ್ಲಿ ಎಚ್‌1ಬಿ ಅನ್ನೋ ಕೆಲಸದ ವೀಸಾದಲ್ಲಿದ್ದೆ. ಕೆಲಸ ನಿಂತ ದಿನದಿಂದ 60 ದಿನ, ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲ ದೇಶ ಬಿಡಬೇಕು. ನಲವತ್ತೊಂಬತ್ತನೇ ದಿನ ಕೊನೆ ಇಂಟರ್‌ವ್ಯೂ ಕೈ ತಪ್ಪಿತು. ಸೋಫಾ, ಮಂಚ, ಮಗನ ಸೈಕಲ್ ಎಲ್ಲಾ ಅಂಗಳದಲ್ಲಿಟ್ಟು ಮಾರಿದ್ವಿ. ಕಾರಿನ ಲೀಸ್ ಮುರಿಯೋಕೇ 3,800 ಡಾಲರ್. ಹನ್ನೊಂದು ಸೂಟ್‌ಕೇಸಲ್ಲಿ ವಾಪಸ್ ಬಂದ್ವಿ.

ಹುಬ್ಬಳ್ಳಿ ಮಂದಿ:
ಡಾಲರ್ ಲೆಕ್ಕದಾಗ ಅಳೂದು ಬ್ಯಾಡ್ರಿ ಸಾಹೇಬ್ರ. ಇಲ್ಲೆ ಆ ಮನಷ್ಯಾಗ ನಾಳಿದ್ದು ಶುಕ್ರವಾರ ಐತಿ, ನೀವು ಸೋಫಾ ಮಾರಿದ್ದು ಹೇಳಾಕತ್ತೀರಿ.

ಅರವತ್ತು ದಿನ:
ಅನುಭವ ಕೇಳಿದ್ರು, ಹೇಳಿದೆ. ಡಾಲರ್ ಅಂದ ತಕ್ಷಣ ನೋವಿಲ್ಲ ಅಂದ್ಕೊಳ್ಳೋದು ಯಾಕೋ.

ಕಡೂರು ಕೊಟ್ಟಿಗೆ:
ಊರಿಗೆ ಬನ್ನಿ ಸರ್, ನಾನು ಬಂದೆ. ಸಿಕ್ಕಿದ ದುಡ್ಡಲ್ಲಿ ಹನ್ನೆರಡು ಎಚ್‌ಎಫ್ ತಳಿಯ ಸೀಮೆಹಸು ಕಟ್ಟಿದೆ, ಒಂದೊಂದಕ್ಕೆ 70,000. ಮೊದಲನೇ ವರ್ಷ ಕೆಚ್ಚಲು ಬಾವು ಬಂದು ಮೂರು ಹಸು ಹಾಲೇ ಬತ್ತಿಸಿದ್ವು. ಇನ್ನೊಂದು ಕರು ಹಾಕುವಾಗ ಹೋಯ್ತು, ರಾತ್ರಿ ಎರಡು ಗಂಟೆಗೆ ಡಾಕ್ಟ್ರು ಫೋನ್ ಎತ್ತಲಿಲ್ಲ. ಹಿಂಡಿ ರೇಟು ಏರ್ತಾನೇ ಇದೆ. ಡೇರಿ ದುಡ್ಡು ಸರಿಯಾಗಿ ಬರುತ್ತೆ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ತಡವಾಗಿ ಬರುತ್ತೆ. ಈಗ ಖರ್ಚು ಕಳೆದು ತಿಂಗಳಿಗೆ 22,000 ಉಳಿಯುತ್ತೆ. ಆದ್ರೆ ಬೆಳಗ್ಗೆ ಎದ್ದರೆ ಸ್ಟ್ಯಾಂಡಪ್ ಮೀಟಿಂಗ್ ಇಲ್ಲ.

ಹುಬ್ಬಳ್ಳಿ ಮಂದಿ:
22,000ದಾಗ 54,000 ಇಎಂಐ ಹೆಂಗ ಕಟ್ತಾರ್ರೀ? ಊರಿಗಿ ಬರ್ರಿ ಅನ್ನಾಕ ಹೊಲ ಇರಬೇಕು. ನಮ್ಮಪ್ಪ ಎರಡ ಎಕರೆ ಮಾರಿ ನನ್ನ ಓದಿಸ್ಯಾನ. ಈಗ ಊರಿಗಿ ಹೋಗಿ ಯಾರ ಹೊಲದಾಗ ನಿಂದರ್ಲಿ?

ಕಡೂರು ಕೊಟ್ಟಿಗೆ:
ನಾನು ನಿಮಗೆ ಹೇಳಿದ್ದಲ್ಲ. ನನ್ನ ಕಥೆ ಹೇಳಿದೆ ಅಷ್ಟೇ. ಬೆಂಗಳೂರಲ್ಲೇ ಸಾಯೋರಿಗೆ ಹಸು ಅಂದ್ರೆ ನಗು.

ಡೈರಿ ಸರ್ಕಲ್ 14 ಸಲ:
ಇಎಂಐ ವಿಷಯ ಯಾರೂ ಹೇಳ್ಲಿಲ್ಲ. ಮೊದಲ ಕಂತು ತಪ್ಪೋ ಮುಂಚೆ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಿ ಅಂತ ಕೇಳಿ. ಕಂತು ಬಾಕಿ 90 ದಿನ ದಾಟಿದ್ರೆ ಎನ್‌ಪಿಎ, ಅಂದ್ರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತೆ, ಆಮೇಲೆ ಮಾತಾಡೋ ಮುಖಗಳೇ ಬೇರೆ.

ಬೆಳ್ಳಂದೂರು ಬಾಡಿಗೆದಾರ:
ಎಲ್ಲಾ ಓದಿದೆ. ನನ್ನ ಲೆಟರ್ ತೆಗೆದು ನೋಡಿದ್ರೆ ಗ್ರಾಚ್ಯುಟಿಗೆ 9 ವರ್ಷ ಅಂತಲೇ ಇದೆ, 10 ಆಗಬೇಕು. ಅದನ್ನ ಮೇಲ್ ಮಾಡಿದೀನಿ, ಇನ್ಶೂರೆನ್ಸೂ ಕೇಳಿದೀನಿ. ಉತ್ತರ ಬರೋವರೆಗೆ ಸಹಿ ಹಾಕಲ್ಲ ಅಂತ ಬರೆದೆ, ಸೋಮವಾರದವರೆಗೆ ಟೈಮ್ ಕೊಟ್ರು. ರಾತ್ರಿ ಹೆಂಡತಿಗೆ ಹೇಳಿದೆ. ‘ಮಂಗಳವಾರದಿಂದ ನೀವು ಇಸ್ತ್ರಿಗೆ ಬಟ್ಟೆ ಕೊಟ್ಟಿಲ್ಲ, ನಂಗೆ ಗೊತ್ತಿತ್ತು’ ಅಂದಳು.

ಹಳೇ ಪಿಜಿವಾಸಿ:
ಪಿಜಿ ಅಣ್ಣ, ಹಾಗಾದ್ರೆ ನಿಮ್ಮ ಪಿಜಿಯಲ್ಲಿ ಪೇಂಟಿಂಗ್‌ಗೆ ಎಷ್ಟು ಮುರೀತೀರಾ, ಅದನ್ನ ಹೇಳಿ.

ಕಾಡುಬೀಸನಹಳ್ಳಿ ಪಿಜಿ:
2,500. ಅದು ಕ್ಲೀನಿಂಗ್ ಸೇರಿ.