ಅಪ್‌ಡೇಟ್: ಮೇಣದಬತ್ತಿಯ ಗುಳಿ ಕೊನೆಗೂ ಮುಚ್ಚಿತು

ಹೋದ ವಾರ ಕೇಳಿದ್ದೆ: ಉಳಿದ ಮೇಣದಬತ್ತಿ ತುಂಡುಗಳನ್ನು ಕರಗಿಸಿ ಗಾಜಿನ ಲೋಟಕ್ಕೆ ಸುರಿದರೆ, ಆರಿದ ಮೇಲೆ ಬತ್ತಿಯ ಸುತ್ತ ಗುಳಿ ಬೀಳುತ್ತದೆ. ಹಚ್ಚಿದರೆ ಬತ್ತಿ ಮೇಣದಲ್ಲಿ ಮುಳುಗಿ ನಂದಿಹೋಗುತ್ತದೆ, ಏನು ಮಾಡಲಿ ಅಂತ. ಈಗ ಎರಡೂ ಸರಿಹೋಗಿದೆ!

ಗುಳಿಗೆ ಕೆಲಸಕ್ಕೆ ಬಂದದ್ದು "ಎರಡು ಸಲ ಸುರಿಯಿರಿ" ಎಂಬ ಸಲಹೆ. ಮೇಣ ಆರುವಾಗ ಕುಗ್ಗುತ್ತದೆ. ಅಂಚು ಮೊದಲು ಗಟ್ಟಿಯಾಗುತ್ತದೆ, ನಡುಭಾಗ ಕೊನೆಗೆ, ಹಾಗಾಗಿ ಅಲ್ಲೇ ಕುಸಿಯುತ್ತದೆ. ಮೇಲೆ ಕೆನೆ ಕಟ್ಟಿದಂತಾದಾಗ ಬತ್ತಿಯ ಪಕ್ಕ ಕಡ್ಡಿಯಿಂದ ಚುಚ್ಚಿದೆ. ಒಳಗೆ ನಿಜವಾಗಲೂ ಟೊಳ್ಳು! ಕಡ್ಡಿ ಸುಮ್ನೆ ಇಳಿದುಹೋಯಿತು. ಪೂರ್ತಿ ಆರಿದ ಮೇಲೆ, ಎತ್ತಿಟ್ಟಿದ್ದ ಮೇಣ ಕರಗಿಸಿ ತುಂಬಿದೆ. ಈಗ ಮೇಲ್ಭಾಗ ಸಮತಟ್ಟಾಗಿದೆ.

ಫ್ರಿಜ್‌ನಲ್ಲಿ ಇಡುವುದು ಮಾತ್ರ ಬೇಡ. ಮೇಣ ಬಿರುಕು ಬಿಟ್ಟು ಗಾಜಿನಿಂದ ಎದ್ದು ಬಂತು.

ಬತ್ತಿ ತೆಳುವಾಯಿತು ಅಂದವರ ಮಾತು ನಿಜ. ಹತ್ತಿ ದಾರದ ಮೂರು ಎಳೆ ಜಡೆ ಹೆಣೆದು, ಕರಗಿದ ಮೇಣದಲ್ಲಿ ಅದ್ದಿ, ನೆಟ್ಟಗೆ ಎಳೆದು ಒಣಗಿಸಿದೆ. ನಿನ್ನೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಚೆನ್ನಾಗಿ ಉರಿಯಿತು.

ಕುದಿಯುವ ನೀರಿನೊಳಗೆ ಪಾತ್ರೆ ಇಟ್ಟು ಕರಗಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಮೊದಲು ನೇರ ಉರಿಯ ಮೇಲೇ ಇಡುತ್ತಿದ್ದೆ. ಮೇಣ ವಿಪರೀತ ಕಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ನೀರಾದರೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ ಅಲ್ವಾ?

ಮಿಕ್ಕ ಚೂರನ್ನು ಬಿಗಿಯಾಗಿದ್ದ ಮರದ ಡ್ರಾಯರ್‌ನ ಅಂಚಿಗೆ ಉಜ್ಜಿದೆ. ಈಗ ಒಂದೇ ಬೆರಳಲ್ಲಿ ಎಳೆದರೂ ಬರುತ್ತದೆ.