ಹಾಸನದಲ್ಲಿದ್ದು ಹೊನ್ನಾವರದ ಕಡಲಧಾಮಕ್ಕೆ ನೆರವು: ಸಂಘದಲ್ಲಿ ಯಾರು ಯಾವ ಹೊಣೆ ಹೊರಬೇಕು?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಇಪ್ಪತ್ತು ಚಿಲ್ಲರೆ ಜನ ಸೇರಿ ಒಂದು ಸಂಘ ಕಟ್ಟಲು ಹೊರಟಿದ್ದೇವೆ. ಹೊನ್ನಾವರದ ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿ ಧಾಮಕ್ಕೆ, ಮುಖ್ಯವಾಗಿ ಆ ತೀರದಲ್ಲಿ ಮೊಟ್ಟೆ ಇಡುವ ಆಲಿವ್ ರಿಡ್ಲಿ ಕಡಲಾಮೆಗಳ ರಕ್ಷಣೆಗೆ ಬೆನ್ನೆಲುಬಾಗಿ ನಿಲ್ಲಬೇಕೆಂಬ ಆಸೆ. ಯಾರಿಗೂ ಸಂಬಳವಿಲ್ಲ. ಕಾಫಿ ಬೆಳೆಗಾರರು, ಮೇಷ್ಟ್ರುಗಳು, ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜು ಹುಡುಗ ಹುಡುಗಿಯರು ಇದ್ದಾರೆ.

ಬಲ್ಲವರಿಂದ ತಿಳಿಯಬೇಕಾದದ್ದು ಇಷ್ಟು. ಟ್ರಸ್ಟ್ ಮಾಡಬೇಕೋ, ಸಂಘವಾಗಿ ನೋಂದಾಯಿಸಬೇಕೋ? ಪದಾಧಿಕಾರಿಗಳು ಎಷ್ಟು ಜನ, ಯಾರಿಗೆ ಯಾವ ಕೆಲಸ, ಎಷ್ಟು ವರ್ಷ? ಇಷ್ಟು ದೂರದಿಂದ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು ಏನು ಕೊಡಬಹುದು? ಹುಮ್ಮಸ್ಸಿಗೆ ಕೊರತೆಯಿಲ್ಲ. ಹೋಗಿ ಅಲ್ಲಿಯವರಿಗೆ ಹೊರೆಯಾಗಬಾರದು ಅನ್ನುವುದೇ ಯೋಚನೆ.

ಲೆಕ್ಕದ_ಕಡತ

ಸಂಘವೇ ಮಾಡಿ. ಟ್ರಸ್ಟ್ ಸುಲಭ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿದರೆ ಆಯಿತು. ಆದರೆ ಆಮೇಲೆ ಟ್ರಸ್ಟಿಗಳನ್ನು ಬದಲಿಸಲು ಆ ಪತ್ರದಲ್ಲಿ ಬರೆದದ್ದೇ ದಾರಿ. ಮೊದಲು ಬಂದವರೇ ಕೊನೆತನಕ ಕೂರುತ್ತಾರೆ, ಹೊಸಬರಿಗೆ ಕೈ ಎತ್ತುವ ಹಕ್ಕೂ ಇರುವುದಿಲ್ಲ. ಸ್ವಯಂಸೇವೆಯಿಂದ ನಡೆಯುವ ಗುಂಪು ಸೊರಗುವುದು ಬಹಳ ಸಲ ಇದರಿಂದಲೇ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಬೇಕು. ಉದ್ದೇಶಪತ್ರ, ಬೈಲಾ, ಎಲ್ಲರ ಗುರುತಿನ ಚೀಟಿ, ಕಚೇರಿ ವಿಳಾಸಕ್ಕೆ ಮನೆಯವರ ಒಪ್ಪಿಗೆ ಪತ್ರ ಸಿದ್ಧಪಡಿಸಿಕೊಂಡು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಹಾಕಿ. ಇದು ಸಹಕಾರ ಇಲಾಖೆಯ ಕೆಳಗೆ ಬರುತ್ತದೆ. ಉದ್ದೇಶಪತ್ರದಲ್ಲಿ ಬರೀ 'ಕಡಲಾಮೆ' ಅಂತ ಬರೆಯಬೇಡಿ. ತೀರ, ಅಳಿವೆ, ನದಿ, ಪರಿಸರ ಶಿಕ್ಷಣ ಎಲ್ಲವನ್ನೂ ಸೇರಿಸಿ. ಆಮೇಲೆ ಉದ್ದೇಶ ತಿದ್ದುವುದು ದೊಡ್ಡ ಓಡಾಟ.

ವಾರ್ಷಿಕ ಸಭೆಯಾದ ಮೇಲೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪರಿಶೋಧಿತ ಜಮಾಖರ್ಚು ಎರಡನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎರಡು ವರ್ಷ ಇದನ್ನು ಬಿಟ್ಟರೆ ಏನಾಗುತ್ತದೆ ನೋಡಿ: ಕಾರ್ಯದರ್ಶಿ ಬದಲಾದಾಗ ಬ್ಯಾಂಕಿನವರು ಹೊಸ ಸಹಿದಾರರ ಬಗ್ಗೆ ದೃಢೀಕೃತ ಪಟ್ಟಿ ಕೇಳುತ್ತಾರೆ. ಪಟ್ಟಿಯನ್ನೇ ಸಲ್ಲಿಸಿಲ್ಲವಾದರೆ ದೃಢೀಕೃತ ಪ್ರತಿ ಸಿಗದು. ದುಡ್ಡು ಖಾತೆಯಲ್ಲೇ ಇರುತ್ತದೆ, ತೆಗೆಯಲು ಯಾರಿಗೂ ಅಧಿಕಾರ ಇರುವುದಿಲ್ಲ. ಮೊಟ್ಟೆ ಇಡುವ ಕಾಲ ಅಲ್ಲಿಗೆ ಕಳೆದುಹೋಗುತ್ತದೆ.

ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರು ಸಹಿ ಹಾಕಿದರೆ ಸಾಕು ಅಂತ ಖಾತೆ ತೆರೆಯಿರಿ. ಒಂದೇ ಮನೆಯ ಇಬ್ಬರು ಸಹಿದಾರರಾಗಬಾರದು ಅನ್ನುವುದನ್ನೂ ಬೈಲಾದಲ್ಲೇ ಬರೆದುಬಿಡಿ. ನೋಂದಣಿ ಆಗುವವರೆಗೆ ಯಾರದೋ ಫೋನ್‌ಪೇ ನಂಬರಿಗೆ ದುಡ್ಡು ಹಾಕಿಸಿಕೊಳ್ಳುವ ಚಾಳಿ ಎಲ್ಲ ಕಡೆ ಇದೆ. ದಯವಿಟ್ಟು ಬೇಡ. ಅದು ಆ ವ್ಯಕ್ತಿಯ ಖಾತೆಗೆ ಬಂದ ಹಣವಾಗುತ್ತದೆ, ತೆರಿಗೆಯವರಿಗೆ ಉತ್ತರ ಕೊಡಬೇಕಾದವರೂ ಅವರೇ.

ಪ್ಯಾನ್ ಬಂದ ಕೂಡಲೇ ಆದಾಯ ತೆರಿಗೆಯ ತಾತ್ಕಾಲಿಕ ನೋಂದಣಿಗೆ ಹಾಕಿ. ಅದು 3 ವರ್ಷಕ್ಕೆ ಸಿಗುತ್ತದೆ. ಕೆಲಸ ಶುರುವಾದ 6 ತಿಂಗಳೊಳಗೆ, ಅಥವಾ ಆ ಅವಧಿ ಮುಗಿಯಲು 6 ತಿಂಗಳು ಇರುವ ಮೊದಲು, ಯಾವುದು ಮುಂಚೆಯೋ ಅಷ್ಟರೊಳಗೆ ಮುಂದಿನ ನೋಂದಣಿಗೆ ಅರ್ಜಿ ಹೋಗಿರಬೇಕು. ಖಜಾಂಚಿ ಈ ತಾರೀಖು ಮರೆತರೆ ದೇಣಿಗೆ ಕೊಟ್ಟವರಿಗೆ ಅದರ ಮೇಲಿನ ತೆರಿಗೆ ವಿನಾಯಿತಿ ಕೈತಪ್ಪುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಎರಡನ್ನೂ ರಸೀದಿಯ ಹಿಂದೆ ಅಚ್ಚು ಹಾಕಿಸಿ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್ಆರ್) ಹಣ ಬೇಕಿದ್ದರೆ ಸಿಎಸ್ಆರ್-1 ನೋಂದಣಿ ಬೇರೆ ಮಾಡಿಸಬೇಕು. ಮೊದಲ ವರ್ಷವೇ ಅದರ ಗೋಜು ಬೇಡ.

ಘಟ್ಟದ_ಮೇಲಿನವರು

ಮೇಲಿನವರು ಕಾಗದಪತ್ರದ ವಿಷಯ ಸರಿಯಾಗಿ ಹೇಳಿದ್ದಾರೆ. ಹೊಣೆ ಹಂಚುವ ಬಗ್ಗೆ ನನ್ನದೊಂದು ಮಾತು: ಎಲ್ಲಕ್ಕಿಂತ ಮೊದಲು ಕ್ಯಾಲೆಂಡರ್ ಎದುರಿಗಿಟ್ಟುಕೊಳ್ಳಿ.

ನಮ್ಮ ಕಡೆ ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ, ಮಾರ್ಚ್ ತನಕ. ಜೊತೆಗೆ ಮೆಣಸು ಬಿಡಿಸುವುದು, ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವುದು. ಮೇಷ್ಟ್ರುಗಳಿಗೂ ಮಕ್ಕಳಿಗೂ ಮಾರ್ಚ್ ಅಂದರೆ ಪರೀಕ್ಷೆ. ಕರಾವಳಿಯಲ್ಲಿ ಆಮೆ ಮೊಟ್ಟೆ ಇಡುವುದೂ ಹೆಚ್ಚುಕಡಿಮೆ ಡಿಸೆಂಬರಿನಿಂದ ಮಾರ್ಚ್‌ವರೆಗೇ. ಅಲ್ಲಿ ಕೆಲಸ ಜೋರಾದಾಗ ನಿಮ್ಮ ಮುಕ್ಕಾಲು ಪಾಲು ಜನ ಕಣದಲ್ಲಿರುತ್ತಾರೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊಣೆ ಹಂಚಿದರೆ ಜನವರಿಯಲ್ಲಿ ಒಬ್ಬ ಕಾರ್ಯದರ್ಶಿಯೇ ಎಲ್ಲವನ್ನೂ ಹೊತ್ತು, ಮಾರ್ಚಿಗೆ ಕೈಚೆಲ್ಲುತ್ತಾರೆ.

ಹಾಗಾಗಿ ವಾರ್ಷಿಕ ಸಭೆ ಜೂನ್ ಕೊನೆಗೋ ಜುಲೈಗೋ ಇಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಬೆಳೆಗಾರರು ಸಿಗುತ್ತಾರೆ, ಮಾರ್ಚ್ 31ರ ಲೆಕ್ಕವೂ ಅಷ್ಟೊತ್ತಿಗೆ ಪರಿಶೋಧನೆ ಆಗಿರುತ್ತದೆ. ಪದಾಧಿಕಾರಿಗಳ ಬದಲಾವಣೆ ಅಲ್ಲೇ. ಆಗಸ್ಟ್‌ನಲ್ಲಿ ಅರಣ್ಯ ಇಲಾಖೆಗೆ ಪತ್ರ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹಣ ಸಂಗ್ರಹ ಮತ್ತು ಸಾಮಾನು ಖರೀದಿ. ನವೆಂಬರ್ ಮೊದಲ ವಾರದೊಳಗೆ ಎಲ್ಲವೂ ಹೊನ್ನಾವರ ತಲುಪಿರಬೇಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಿಮ್ಮ ಸಂಘಕ್ಕೆ ಎರಡೇ ಕೆಲಸ: ಫೋನ್ ಎತ್ತುವುದು, ಬಿಲ್ಲು ಪಾವತಿಸುವುದು. ಇವೆರಡಕ್ಕೂ ತೋಟವಿಲ್ಲದವರನ್ನು ಹಾಕಿ. ನಿಮ್ಮ ಬ್ಯಾಂಕ್ ನಿವೃತ್ತರು ಹೇಳಿ ಮಾಡಿಸಿದ ಹಾಗಿದ್ದಾರೆ.

ಹುದ್ದೆ ಐದು ಸಾಕು. ಇಲಾಖೆಯೊಂದಿಗೆ ಮಾತಾಡಲು ಒಬ್ಬರು, ಒಬ್ಬರೇ. ನಾಲ್ಕು ಜನ ನಾಲ್ಕು ಸಲ ವಲಯ ಅರಣ್ಯಾಧಿಕಾರಿಗೆ ಫೋನ್ ಮಾಡಿದರೆ ಅವರು ಐದನೆಯದನ್ನು ಎತ್ತುವುದಿಲ್ಲ. ಹಣಕ್ಕೊಬ್ಬರು, ಸಾಮಾನು ಸಾಗಣೆಗೊಬ್ಬರು, ಶಾಲೆ ಕಾಲೇಜು ಕಾರ್ಯಕ್ರಮಕ್ಕೊಬ್ಬರು, ಸ್ವಯಂಸೇವಕರ ಪಟ್ಟಿ ಮತ್ತು ಸುರಕ್ಷತೆಗೊಬ್ಬರು. ಪ್ರತಿಯೊಬ್ಬರಿಗೂ ಒಬ್ಬ ಉಪ ಇರಲಿ. ಅವಧಿ 2 ವರ್ಷ, ಒಂದೇ ಹುದ್ದೆಯಲ್ಲಿ ಸತತ ಎರಡು ಅವಧಿಗಿಂತ ಹೆಚ್ಚು ಬೇಡ. ಐವರೂ ಒಟ್ಟಿಗೆ ಇಳಿಯದಂತೆ ಮೊದಲ ಸಲ ಇಬ್ಬರಿಗೆ 1 ವರ್ಷ, ಮೂವರಿಗೆ 2 ವರ್ಷ ಕೊಡಿ. ಆಮೇಲೆ ಅದು ತಾನಾಗಿ ಹೊಂದಿಕೊಳ್ಳುತ್ತದೆ.

ಇಳಿಯುವವರು ಕೈದಾಟಿಸಬೇಕಾದದ್ದು ಒಂದು ನೋಟ್‌ಬುಕ್: ಯಾರಿಗೆ ಯಾವ ಪತ್ರ ಹೋಗಿದೆ, ಉತ್ತರ ಬಂತೋ, ಯಾವ ಸಾಮಾನು ಯಾರ ಹತ್ತಿರ ಇದೆ, ಮುಂದಿನ ಗಡುವು ಯಾವುದು. ವಾಟ್ಸ್ಯಾಪ್ ಗುಂಪಿನಲ್ಲಿದೆ ಅಂದರೆ ಇಲ್ಲ ಅಂತಲೇ ಅರ್ಥ. ಸಂಘಕ್ಕೆ ಬೇರೆ ಸಿಮ್, ಬೇರೆ ಇಮೇಲ್ ಮಾಡಿಸಿ.

ಸುರಕ್ಷತೆ ನೋಡುವವರು ಮಾಡಬೇಕಾದ ಮೊದಲ ಕೆಲಸ, ಪ್ರತಿ ಸ್ವಯಂಸೇವಕರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆಯೇ ಅಂತ ಕೇಳುವುದು. ವರ್ಷಕ್ಕೆ 20 ರೂಪಾಯಿ, ಅಪಘಾತಕ್ಕೆ 2 ಲಕ್ಷ, ವಯಸ್ಸು 18ರಿಂದ 70, ಅವಧಿ ಜೂನ್ 1ರಿಂದ ಮೇ 31. ರಾತ್ರಿ ತೀರದಲ್ಲಿದ್ದವರು ಬೆಳಿಗ್ಗೆ ನಿದ್ದೆಗಣ್ಣಲ್ಲಿ ಗಾಡಿ ಓಡಿಸಿಕೊಂಡು ಘಟ್ಟ ಹತ್ತಬಾರದು ಅನ್ನುವುದನ್ನು ನಿಯಮವಾಗಿ ಬರೆದು ಸಹಿ ಹಾಕಿಸಿಕೊಳ್ಳಿ. ನೀರಿನ ಅಲೆಗಿಂತ ಅದು ಹೆಚ್ಚು ಅಪಾಯ.

ತೀರದ_ಕಾವಲು

ಕರಾವಳಿ ಕಡೆಯಿಂದ ನಾಲ್ಕು ಮಾತು. ಹೊರೆಯಾಗಬಾರದು ಅಂದಿರಲ್ಲ, ಅದು ಓದಿ ಸಮಾಧಾನವಾಯಿತು.

ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಇಲಾಖೆಯ ಅನುಮತಿಯಿಲ್ಲದೆ ಮೊಟ್ಟೆ ಮುಟ್ಟಿದರೂ ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಹಾಗಾಗಿ ಹೊನ್ನಾವರ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಬರೆಯುವ ಪತ್ರದಲ್ಲಿ 'ರಕ್ಷಣೆ ಮಾಡುತ್ತೇವೆ' ಅಂತ ಬರೆಯಬೇಡಿ. 'ಇಂಥ ಸಾಮಾನು, ಇಷ್ಟು ಹಣ, ಇಷ್ಟು ಜನ ಒದಗಿಸಬಲ್ಲೆವು, ಯಾವುದು ಬೇಕು ತಿಳಿಸಿ' ಅಂತ ಕೇಳಿ.

ಗೂಡು ಮೊದಲು ಕಣ್ಣಿಗೆ ಬೀಳುವುದು ನಸುಕಿಗೆ ದೋಣಿ ಇಳಿಸಲು ಹೋಗುವ ಮೀನುಗಾರರಿಗೆ. ಆಮೆಯ ಹೆಜ್ಜೆ ಗುರುತು ಬಿಸಿಲೇರಿ ಗಾಳಿ ಬೀಸುವ ತನಕ ಮಾತ್ರ ಉಳಿಯುತ್ತದೆ. ಹಾಸನದಿಂದ ಬಂದವರು ವಾರಕ್ಕೊಂದು ರಾತ್ರಿ ತಿರುಗಿದರೆ ಸಿಗುವುದು ಅಪರೂಪ. ಒಂದು ಗೂಡಿನಲ್ಲಿ ಸುಮಾರು 100ರಿಂದ 120 ಮೊಟ್ಟೆ, ಒಂದೂವರೆ ಅಡಿ ಆಳ, ಮರಿಯಾಗಲು 45ರಿಂದ 60 ದಿನ. ಅಲೆ ನುಗ್ಗುವ ಜಾಗವಾದರೆ ಇಲಾಖೆಯವರು ಸ್ಥಳಾಂತರಿಸುತ್ತಾರೆ, ಅದೂ ಮೊದಲ ಕೆಲವೇ ಗಂಟೆಯೊಳಗೆ, ಮೊಟ್ಟೆಯ ಮೇಲ್ಮುಖ ಬದಲಾಗದಂತೆ. ಯಾಕೆಂದರೆ ಭ್ರೂಣ ಬೇಗನೆ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಹೊರಳಿಸಿದರೆ ಅದು ಸತ್ತಂತೆಯೇ.

ನಿಮ್ಮಿಂದ ನಿಜವಾಗಿ ಬೇಕಾಗುವುದು ಇವು. ಒಂದು, ಗೂಡು ಮುಚ್ಚುವ ಬಿದಿರಿನ ಪಂಜರ. ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರ, ತಳವಿಲ್ಲದ್ದು. ಅದರಲ್ಲಿ ಒಂದು ಅಡಿ ಮರಳೊಳಗೆ ಇಳಿಯಬೇಕು, ಇಲ್ಲವಾದರೆ ನಾಯಿ ಪಕ್ಕದಿಂದ ತೋಡುತ್ತದೆ. ಇಲ್ಲಿ ಮೊಟ್ಟೆಗೆ ದೊಡ್ಡ ಶತ್ರು ನಾಯಿಯೇ. ಹಾಸನದ ಮೇದಾರರ ಹತ್ತಿರ ಹೆಣೆಸಿ ತಂದರೆ ಅವರಿಗೂ ಕೆಲಸ. ಕೋಳಿಗೂಡಿಗೆ ಬಳಸುವ ಸಣ್ಣ ಕಣ್ಣಿನ ತಂತಿ ಜಾಲರಿ ತರಬೇಡಿ, ತುಕ್ಕು ಹಿಡಿಯುತ್ತದೆ, ಮರಿ ಹೊರಬರಲಾಗದೆ ಬಿಸಿಲಿಗೆ ಬೇಯುತ್ತದೆ. ಮರಿಯ ಚಿಪ್ಪು 4 ಸೆಂಟಿಮೀಟರ್ ಆಸುಪಾಸು, ಮೇಲೆ ಈಜುಕಾಲು ಬೇರೆ. ಹೆಣಿಗೆಯ ಕಂಡಿ ಅದಕ್ಕೆ ದಾರಿ ಬಿಡುವಷ್ಟಿರಬೇಕು, ಅಥವಾ 45ನೇ ದಿನದಿಂದ ಪ್ರತಿ ರಾತ್ರಿ ಒಬ್ಬರು ನೋಡುವಂತಿರಬೇಕು.

ಎರಡನೆಯದು ನೆರಳು ಬಲೆ. ಗೂಡು ಬಿಸಿಯಾದಷ್ಟೂ ಹೆಣ್ಣು ಮರಿ ಹೆಚ್ಚು, ತಂಪಾದಷ್ಟೂ ಗಂಡು. ಎರಡೂ ಸಮನಾಗುವುದು 30 ಡಿಗ್ರಿಯ ಹತ್ತಿರ. 35ರ ಮೇಲೇರಿ ಅಲ್ಲೇ ನಿಂತರೆ ಮೊಟ್ಟೆಯೇ ಕೆಡುತ್ತದೆ. ಕಾಫಿ ನರ್ಸರಿಗೆ ಕಟ್ಟುವ, ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಬಲೆಯೇ ಸ್ಥಳಾಂತರಿಸಿದ ಮೊಟ್ಟೆ ಹೂಳುವ ಸಂರಕ್ಷಣಾ ಆವರಣಕ್ಕೂ ಆಗುತ್ತದೆ. ಎಲ್ಲಿ ಕಟ್ಟಬೇಕೆಂಬುದು ಇಲಾಖೆಯ ತೀರ್ಮಾನ. ಜೊತೆಗೆ ಮರಳಿಗೆ ಚುಚ್ಚುವ ಥರ್ಮಾಮೀಟರ್ ಎರಡು ಮೂರು ಕೊಡಿ. ಮೂರನೆಯದು ಕೆಂಪು ಬೆಳಕಿನ ತಲೆ ಟಾರ್ಚ್ ಮತ್ತು ಸೆಲ್. ಬಿಳಿ ಬೆಳಕು ಬಿದ್ದರೆ ತಾಯಿ ಮೊಟ್ಟೆ ಇಡದೆ ವಾಪಸ್ಸು ಹೋಗುತ್ತದೆ, ಮರಿಗಳು ಕಡಲು ಬಿಟ್ಟು ರಸ್ತೆ ದೀಪದ ಕಡೆ ನಡೆಯುತ್ತವೆ.

ಇವೆಲ್ಲಕ್ಕಿಂತ ಮುಖ್ಯ, ಸ್ಥಳೀಯ ಕಾವಲುಗಾರರ ಕೂಲಿ. ಯಾರಿಗೆ ಎಷ್ಟು ಅನ್ನುವುದನ್ನು ಇಲಾಖೆ ಮತ್ತು ಊರಿನವರ ಜೊತೆ ಕೂತು ನಿಗದಿ ಮಾಡಿ, ತಿಂಗಳ ಮೊದಲ ವಾರವೇ ಬ್ಯಾಂಕಿಗೆ ಹಾಕಿ. ಎರಡು ತಿಂಗಳು ತಡವಾದರೆ ಮುಂದಿನ ವರ್ಷ ಯಾರೂ ಫೋನ್ ಮಾಡಿ ಗೂಡು ತೋರಿಸುವುದಿಲ್ಲ. ಊರಿನವರ ಜೊತೆ ಮಾತಿಗೆ ಒಳ್ಳೆಯ ಸಮಯ ಜೂನ್ 1ರಿಂದ ಜುಲೈ 31. ಯಾಂತ್ರೀಕೃತ ಮೀನುಗಾರಿಕೆಗೆ ಆಗ ನಿಷೇಧ, ಬಲೆ ರಿಪೇರಿಗೆ ಕೂತಿರುತ್ತಾರೆ. ಧಾಮ ಅಂದ ಕೂಡಲೇ ಅವರಿಗೆ ದೋಣಿ ನಿಲ್ಲಿಸುತ್ತಾರೇನೋ ಅನ್ನುವ ಆತಂಕ ಇದ್ದೇ ಇದೆ, ಅದು ನ್ಯಾಯವಾದದ್ದು. ಕೇಳಿಸಿಕೊಳ್ಳಿ, ಇಲಾಖೆಯ ಪರವಾಗಿ ನೀವು ಭರವಸೆ ಕೊಡಬೇಡಿ.

ಕೆಂಪುಹೊಳೆ

ಒಂದು ಭಿನ್ನ ಅಭಿಪ್ರಾಯ. ಹೊನ್ನಾವರದ ಶರಾವತಿಗೂ ಹಾಸನ ಜಿಲ್ಲೆಯ ನೀರಿಗೂ ಸಂಬಂಧವಿಲ್ಲ. ಸಕಲೇಶಪುರದ ಎತ್ತಿನಹೊಳೆ, ಕೆಂಪುಹೊಳೆ ಪಶ್ಚಿಮಕ್ಕೆ ಹರಿದು ಗುಂಡ್ಯ ಹೊಳೆಯಾಗಿ ಕುಮಾರಧಾರಾ ಸೇರುತ್ತವೆ. ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ, ಅಲ್ಲಿಂದ ಮಂಗಳೂರಿನ ಕಡಲಿಗೆ. ಶಿರಾಡಿ ಘಾಟಿಯಲ್ಲಿ ಕಾರಿನಿಂದ ಎಸೆದ ನೀರಿನ ಬಾಟಲಿ ಜೂನ್ ಮಳೆಗೆ ಹೊರಟು ಆ ದಾರಿಯಲ್ಲೇ ಹೋಗುತ್ತದೆ. 2024ರಲ್ಲಿ ಮಂಗಳೂರು ಕಡೆಯ ತಣ್ಣೀರುಬಾವಿ, ಸಸಿಹಿತ್ಲು ತೀರದಲ್ಲೂ ಆಲಿವ್ ರಿಡ್ಲಿ ಗೂಡು ಸಿಕ್ಕಿವೆ. ನಿಮ್ಮ ಹೊಳೆ ಸೇರುವ ಕಡಲು ಅದು.

ಹೊನ್ನಾವರ ಬಿಡಿ ಅನ್ನುತ್ತಿಲ್ಲ. ಸಂಘದ ಅರ್ಧ ಶ್ರಮ ಇಲ್ಲೇ ಹೋಗಲಿ. ಮೇ ಮೂರನೇ ವಾರ, ಮುಂಗಾರಿಗೆ ಮುಂಚೆ, ಘಾಟಿ ಬದಿಯ ಮೋರಿ ಮತ್ತು ಹಳ್ಳದ ಬಾಯಿ ಸ್ವಚ್ಛಗೊಳಿಸಿ. ರಸ್ತೆ ಬದಿ ಹೆಕ್ಕುವುದಕ್ಕಿಂತ ಮೋರಿಯ ಕೆಳಬಾಯಿಯಲ್ಲಿ ಹೆಕ್ಕುವುದು ಮುಖ್ಯ, ಕಸ ಒಟ್ಟಾಗುವುದೇ ಅಲ್ಲಿ. ಅರಣ್ಯದಂಚಾದ್ದರಿಂದ ವಲಯ ಕಚೇರಿಗೆ ಮೊದಲೇ ಪತ್ರ ಕೊಡಿ, ಆನೆ ಇರುವ ಜಾಗ ಅವರಿಗೆ ಗೊತ್ತಿರುತ್ತದೆ. ಬೆಳಿಗ್ಗೆ 8ರ ಮೊದಲು, ಸಂಜೆ 4ರ ನಂತರ ಬೇಡ. ತುಂಬಿದ ಚೀಲ ಎಲ್ಲಿಗೆ ಹೋಗುತ್ತದೆ ಅನ್ನುವುದು ಗ್ರಾಮ ಪಂಚಾಯಿತಿಯ ಕಸ ವಿಲೇವಾರಿ ಘಟಕದವರ ಜೊತೆ ವಾರ ಮುಂಚೆ ಮಾತಾಗಿರಬೇಕು. ಅದಾಗದೆ ಚೀಲ ರಸ್ತೆ ಬದಿಯಲ್ಲಿಟ್ಟರೆ ಮಂಗ ಹರಿದು, ಮೊದಲಿಗಿಂತ ಹೆಚ್ಚು ಹರಡುತ್ತದೆ.

ಹೇಮಾವತಿ_ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಕೊಯ್ಲು ಮತ್ತು ಗೂಡಿನ ಕಾಲ ಒಂದೇ ಅನ್ನುವುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಜುಲೈ ಸಭೆ, ಐದು ಹುದ್ದೆ ಒಪ್ಪಿದೆವು. ಮೇ ತಿಂಗಳ ಘಾಟಿ ಕೆಲಸವನ್ನೂ ಸೇರಿಸುತ್ತೇವೆ. ಇನ್ನೆರಡು ಪ್ರಶ್ನೆ. ಅಮೆರಿಕದಲ್ಲಿರುವ ನಮ್ಮ ಕಡೆಯವರು ಹಣ ಕಳಿಸುತ್ತೇವೆ ಅನ್ನುತ್ತಿದ್ದಾರೆ, ತೆಗೆದುಕೊಳ್ಳಬಹುದಾ? ಕಾಲೇಜು ಮಕ್ಕಳಿಗೆ ಮರಿ ಬಿಡುವುದನ್ನು ತೋರಿಸಬಹುದಾ?

ಲೆಕ್ಕದ_ಕಡತ

ಅವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ಬ್ಯಾಂಕ್ ಮೂಲಕ ಸ್ವಂತ ಉಳಿತಾಯದ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ, ತೆಗೆದುಕೊಳ್ಳಿ. ಪಾಸ್‌ಪೋರ್ಟ್ ಪ್ರತಿ ಕಡತದಲ್ಲಿಡಿ. ಅಲ್ಲಿಯ ಪೌರತ್ವ ಪಡೆದವರಾದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಿಲ್ಲದೆ ಒಂದು ರೂಪಾಯಿಯೂ ಮುಟ್ಟುವಂತಿಲ್ಲ.

ತೀರದ_ಕಾವಲು

ತೋರಿಸಬಹುದು, ಆದರೆ ಮಕ್ಕಳ ಬಸ್ಸಿನ ಸಮಯಕ್ಕೆ ಮರಿಗಳನ್ನು ಕಾಯಿಸುವಂತಿಲ್ಲ. ಮೇಲೆ ಬಂದ ಮರಿಯಲ್ಲಿ ದಡದ ಅಲೆ ದಾಟಿ ಆಳಕ್ಕೆ ಈಜುವಷ್ಟೇ ಶಕ್ತಿ ಕೂಡಿರುತ್ತದೆ. ಬುಟ್ಟಿಯಲ್ಲಿ ಸಂಜೆವರೆಗೆ ಇಟ್ಟರೆ ಅಲ್ಲೇ ಕೈಕಾಲು ಬಡಿದು ಸುಸ್ತಾಗಿ, ನೀರಿಗಿಳಿದ ಮೇಲೆ ಮೀನಿಗೆ, ಹಕ್ಕಿಗೆ ಸುಲಭದ ತುತ್ತು. 45ನೇ ದಿನ ಯಾವತ್ತು ಬೀಳುತ್ತದೆ ಅಂತ ಇಲಾಖೆಯಿಂದ ತಿಳಿದುಕೊಂಡು, ಮಕ್ಕಳು ಎರಡು ಮೂರು ದಿನ ಹೊನ್ನಾವರದಲ್ಲೇ ಉಳಿಯುವಂತೆ ಯೋಜಿಸಿ. ಸಲಕ್ಕೆ 15 ಜನ ಮೀರದಿರಲಿ, ಎಲ್ಲರೂ ಗೂಡಿನ ಹಿಂಬದಿಯಲ್ಲಿ, ಕಡಲ ಕಡೆ ಯಾರೂ ನಿಲ್ಲದಂತೆ. ಮರಳಲ್ಲಿ ಮೂಡಿದ ಹೆಜ್ಜೆಗುಳಿಗಳನ್ನು ಮೊದಲೇ ಹಲಗೆಯಿಂದ ಸಮ ಮಾಡಿಸಿ, ಮರಿ ಅದರೊಳಗೆ ಬಿದ್ದರೆ ಹತ್ತಿ ಬರಲಾರದು. ಮೊಬೈಲುಗಳನ್ನು ಬಸ್ಸಿನಲ್ಲೇ ಬಿಟ್ಟು ಬರಲಿ.