ಉಲ್ಲನ್ ಪ್ರಾಣಿ ಹಾಕಿ ಮಾರಿ ದುಡ್ಡು ಕೂಡಿಸೋದು ಹೇಗೆ? ಮಾಡಿದವರು ಹೇಳಿ

ನಾವು ಠಾಣೆಯ ಒಂದೇ ಸೊಸೈಟಿಯ 6 ಜನ, ಎಲ್ಲರಿಗೂ ಸ್ವೆಟರ್ ಹಾಕೋದು ಬರುತ್ತೆ. ಗಣಪತಿ ಹಬ್ಬದೊಳಗೆ ಸಣ್ಣ ಸಣ್ಣ ಉಲ್ಲನ್ ಪ್ರಾಣಿ ಹಾಕಿ ಮಾರಿ, ಬಂದ ದುಡ್ಡನ್ನ ಪರೇಲಿನ ಟಾಟಾ ಆಸ್ಪತ್ರೆಗೆ ಬರೋ ಕ್ಯಾನ್ಸರ್ ಮಕ್ಕಳಿಗೆ ಕೊಡೋಣ ಅಂತಿದ್ದೀವಿ. ಯಾವ ಪ್ರಾಣಿ, ಏನು ರೇಟು, ಏನೇನು ನೋಡ್ಕೋಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಡೊಂಬಿವಲಿಯಿಂದ:
ಅಕ್ಕ, ನಾವು ಎರಡು ವರ್ಷ ಮಾಡಿದ್ವಿ, ಮೊದಲನೇ ವರ್ಷದ ನಮ್ಮ ತಪ್ಪು ನೀವು ಮಾಡ್ಬೇಡಿ. ಒಬ್ಬೊಬ್ಬರು ಒಂದೊಂದು ಪ್ರಾಣಿ ಹಿಡ್ಕೊಂಡ್ವಿ, ಜಿರಾಫೆ, ಆಮೆ, ಸಿಂಹ, ನೋಡೋಕೇನೋ ಚಂದ, ಆದ್ರೆ ಸಿಂಹದ ಕೇಸರಕ್ಕೇ ಎರಡು ಸಂಜೆ ಹೋಯ್ತು, ಹಬ್ಬ ಬಂದಾಗ ಕೈಲಿದ್ದಿದ್ದು ಬರೀ 19. ಎರಡನೇ ವರ್ಷ ಇಲಿ ಒಂದೇ. ಗಣಪತಿ ಕೂರಿಸೋ ಮನೇಲಿ ಇಲಿ ಬೇಡ ಅನ್ನೋರು ಯಾರಿದ್ದಾರೆ ಹೇಳಿ, ಮಖರದ (ಗಣಪತಿ ಕೂರಿಸೋ ಅಲಂಕಾರದ ಮಂಟಪ) ಎರಡೂ ಪಕ್ಕ ಇಡೋಕೆ ಅಂತ ಜೋಡಿ ಜೋಡಿ ತಗೊಂಡ್ರು, 150ಕ್ಕೆ ಒಂದು.

4 ಪ್ಲೈ ಉಲ್ಲನ್ ತಗೊಳ್ಳಿ, ಕಡ್ಡಿ 12 ನಂಬರ್. ಸ್ವೆಟರ್‌ಗೆ ಹಿಡಿಯೋ 10 ನಂಬರ್ ಬೇಡ, ಅದು ಇದಕ್ಕಿಂತ ದಪ್ಪ, ಹೆಣಿಗೆ ಸಡಿಲ ಆಗಿ ಒಳಗಿಂದ ತುಂಬಿದ್ದೆಲ್ಲಾ ಬೆಳ್ಳಗೆ ಇಣುಕುತ್ತೆ. ಬಾಲಕ್ಕೆ ಮಾತ್ರ ಎರಡೂ ತುದಿ ಚೂಪಿರೋ ಕಡ್ಡೀಲಿ 3 ಸ್ಟಿಚ್ ಹಾಕಿ, ಒಂದು ಸಾಲು ಸುಲಟ (ಸೀದಾ ಹೆಣಿಗೆ) ಮುಗಿದ ಮೇಲೆ ತಿರುಗಿಸಬೇಡಿ, ಹಾಗೇ ಸ್ಟಿಚ್‌ಗಳನ್ನ ಕಡ್ಡಿಯ ಈ ತುದಿಗೆ ಜಾರಿಸಿ ಹಿಂದಿನಿಂದ ದಾರ ಎಳ್ಕೊಂಡು ಮತ್ತೆ ಸುಲಟ, ಹೀಗೇ ಹೋದ್ರೆ ತಾನಾಗೇ ದುಂಡಗೆ ಹುರಿ ಥರ ಬರುತ್ತೆ, ಹೊಲಿಯೋ ಕೆಲಸಾನೇ ಇಲ್ಲ. ತುಂಬೋಕೆ ದಿಂಬಿನ ಫೈಬರ್ ಹಾಕಿ. ಮನೇಲಿದ್ದ ಹಳೇ ಹತ್ತಿ ತುಂಬಿದ್ದು ನಮ್ಮ ಮಳೆಗಾಲಕ್ಕೆ ಮುಗ್ಗಲು ವಾಸನೆ ಹೊಡೀತು, ಒಗೆದ್ರೆ ಗಂಟುಗಂಟಾಯ್ತು.

ಕಣ್ಣಿನ ವಿಷಯ ಗಟ್ಟಿಯಾಗಿ ಹೇಳ್ತೀನಿ, ಮಣಿ, ಗುಂಡಿ, ಪ್ಲಾಸ್ಟಿಕ್ ಕಣ್ಣು ಯಾವುದೂ ಬೇಡ, ಕಪ್ಪು ದಾರದಲ್ಲಿ ಕಸೂತಿ ಹಾಕಿ. ಮೊದಲನೇ ವರ್ಷ ನನ್ನ ಎದುರಿಗೇ ಒಬ್ಬಾಕೆ ಆಮೆಯ ಕಣ್ಣು ಸುಮ್ನೆ ಎಳೆದು ನೋಡಿದ್ರು, ಮಣಿ ಕೈಗೇ ಬಂತು, ಅವರ ಸೊಂಟದ ಮೇಲೆ ವರ್ಷದ ಕೂಸು. ಆವತ್ತು ಸಂಜೆ ಕೂತು ಉಳಿದವುಗಳ ಕಣ್ಣೆಲ್ಲ ಕಿತ್ತು ಹೊಲಿದ್ವಿ.

ದಾದರ್‌ನಿಂದ:
ದುಡ್ಡಿನ ಬಗ್ಗೆ ಎರಡು ಮಾತು. ನಿಮ್ಮ ಖಾತೆಗೆ ಕೂಡಿಸಿ ಆಮೇಲೆ ಕೊಡೋದಾದ್ರೆ ದಿನದ ಲೆಕ್ಕ ಸೊಸೈಟಿ ಬೋರ್ಡ್ ಮೇಲೆ ಹಾಕಿ, ಎಷ್ಟು ಮಾರಿತು, ಉಲ್ಲನ್‌ಗೆ ಎಷ್ಟು ಹೋಯ್ತು, ಎಷ್ಟು ಉಳೀತು. ಕೊಟ್ಟ ಮೇಲೆ ರಸೀದಿಯನ್ನೂ ಅಲ್ಲೇ ಅಂಟಿಸಿ. ಕೆಲವರು 80ಜಿ, ಅಂದ್ರೆ ದಾನಕ್ಕೆ ಸಿಗೋ ಆದಾಯ ತೆರಿಗೆ ರಿಯಾಯಿತಿ, ಕೇಳ್ತಾರೆ, ಇಲಿ ಕೊಂಡವರಿಗೆ ಅದು ಸಿಗಲ್ಲ ಯಾಕಂದ್ರೆ ಅವರು ವಸ್ತು ಕೊಂಡಿದ್ದು, ಅದು ಬೇಕಾದೋರು ನೇರವಾಗಿ ಸಂಸ್ಥೆಗೇ ಕೊಡಲಿ. ಇಲ್ಲಿ ಗಾಡ್ಗೆ ಮಹಾರಾಜ್ ಧರ್ಮಶಾಲೆಯಲ್ಲಿ ಟಾಟಾಗೆ ಬರೋ ಪೇಷಂಟ್‌ಗಳು ಇರ್ತಾರೆ, ಬಿಹಾರ ಬಂಗಾಳದಿಂದ ಬಂದವರೂ ಇರ್ತಾರೆ, ತಿಂಗಳುಗಟ್ಟಲೆ ಊರು ಬಿಟ್ಟಿರೋರು, ಅವರಿಗೆ ಊಟ, ಓಡಾಟದ ಖರ್ಚೇ ದೊಡ್ಡದು. ಆಮೇಲೆ ಮಾರದೇ ಉಳಿದ ಇಲಿಗಳನ್ನ ವಾರ್ಡಿಗೆ ಹಂಚೋಣ ಅಂತ ತಗೊಂಡು ಹೋಗ್ಬೇಡಿ. ಕೀಮೋ ನಡೀತಿರೋ ಮಕ್ಕಳಿಗೆ ಸೋಂಕು ಬೇಗ ತಗಲುತ್ತೆ, ಮೊದಲು ಅಲ್ಲಿನವರನ್ನ ಕೇಳಿ.

ಪುಣೆಯಿಂದ:
ನಾವು ವಿಜಾಪುರದ ಕಡೀಯವ್ರು, ಮಣ್ಣೆತ್ತಿನ ಅಮಾವಾಸ್ಯೆಗೆ ಉಲ್ಲನ್ ಎತ್ತಿನ ಜೋಡಿ ಹಾಕಿದ್ವಿ ನೋಡ್ರಿ, ಕೊಂಬಿಗೆ ಕೆಂಪು ಗೊಂಡೆ. ಇಲ್ಲಿ ಮರಾಠಿ ಮಂದಿಗೆ ಶ್ರಾವಣ ಅಮಾವಾಸ್ಯೆಗೆ ಪೋಳಾ ಅಂತ ಎತ್ತಿನ ಹಬ್ಬ ಇರ್ತದ, ಹಂಗಾಗಿ ಅದೇ ಎತ್ತು ಎರಡು ಸಲ ಮಾರಾಟ ಆಯ್ತು. ಉಲ್ಲನ್ ರವಿವಾರ ಪೇಠದಾಗ ತಂದ್ವಿ. ಇನ್ನೊಂದು, 14 ವರ್ಷದೊಳಗಿನ ಮಕ್ಕಳು ಆಡೋ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಬೇಕು ಅಂತ ನಿಯಮ ಅದ, ರಿಜಿಸ್ಟರ್ ಆದ ಕರಕುಶಲದವ್ರಿಗೆ ವಿನಾಯಿತಿ ಅದ, ನಾವು ಅದರಾಗ ಇಲ್ಲ. ಅದಕ್ಕ ಹಬ್ಬದ ಅಲಂಕಾರಕ್ಕ, ಆಡೋಕಲ್ಲ ಅಂತ ಪ್ರತಿಯೊಂದಕ್ಕೂ ಚೀಟಿ ಕಟ್ಟಿಯೇ ಕೊಡ್ತೀವಿ, ಕೊಳ್ಳೋವ್ರಿಗೆ ಬಾಯಿಂದನೂ ಹೇಳ್ತೀವಿ.

ಠಾಣೆಯಿಂದ ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಲೀನೇ ಹಿಡಿದ್ವಿ, ಇವತ್ತು 3 ಬಾಲ ಆಯ್ತು. ಡೊಂಬಿವಲಿ ಅಕ್ಕ, ಕಿವಿ ಬೇರೆ ಹಾಕಿ ಹೊಲಿಯೋದಾ, ತಲೆ ಜೊತೆಗೇ ಬರುತ್ತಾ?